ಶನಿವಾರದ ನೀಲಿ ಶರ್ಟು

ಇಸ್ತ್ರಿ ಅಂಗಡಿಯವನ ಕೈ ಬಟ್ಟೆಯ ಮೇಲಿತ್ತು. ಕಿವಿ ಮಾತ್ರ ಬೆಂಚಿನ ಮೇಲೆ ಕಾಯುತ್ತ ಕೂತ ಅಕ್ಕತಂಗಿಯರ ಕಡೆಗಿತ್ತು.

“ಭಾವ ಕುಡಿಯೋದು ಬಿಟ್ಟು ವರ್ಷ ಆಯ್ತಲ್ಲಕ್ಕ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದೀಯ?” ಎಂದಳು ತಂಗಿ.

“ಕುಡಿತ ಬಿಡಿಸೋ ಆ ಮೀಟಿಂಗು ಎಲ್ಲಿ ನಡೆಯುತ್ತೆ ಅಂತ ಊರೆಲ್ಲ ಅಲೆದು ಹುಡುಕಿದೋಳು ನಾನು. ಮೊದಲ ದಿನ ಕೈ ಹಿಡ್ಕೊಂಡು ಕರ್ಕೊಂಡು ಹೋದೆ. ಕುಡಿತ ಬಿಡೋರು ಮಾತ್ರ ಒಳಗೆ ಬನ್ನಿ ಅಂದ್ರು. ನಾನು ಮೆಟ್ಟಿಲ ಮೇಲೆ ಕೂತೆ.”

“ಒಳ್ಳೇದೇ ಆಯ್ತಲ್ಲ?”

“ಏನು ಒಳ್ಳೇದು? ಇವರು ಮನಸ್ಸಲ್ಲಿರೋದೆಲ್ಲ ಅಲ್ಲೇ ಹೇಳ್ಕೋತಾರೆ. ಕುಡೀಬೇಕು ಅನ್ನಿಸಿದ್ರೆ ಅಲ್ಲಿ ಸಿಕ್ಕ ಒಬ್ಬ ಬಸ್ ಡ್ರೈವರಿಗೆ ಫೋನು. ನಾನು ಪಕ್ಕದಲ್ಲೇ ಇದ್ರೂ ಎದ್ದು ಆಚೆ ಹೋಗಿ ಮಾತಾಡ್ತಾರೆ.”

“ಡ್ರೈವರ್ ಮೇಲೆ ಹೊಟ್ಟೆಕಿಚ್ಚಾ ನಿಂಗೆ?”

“ಹೂಂ ಕಣೆ. ಕುಡಿದಾಗಲಾದ್ರೂ ನನ್ನ ತೊಡೆ ಮೇಲೆ ತಲೆಯಿಟ್ಟು ಅಳ್ತಿದ್ರು.”

ಇಸ್ತ್ರಿಯವನು ಗಂಟು ಕಟ್ಟಿ ಕೊಟ್ಟ. ಅಕ್ಕ ಅದನ್ನು ಬಿಚ್ಚಿ, ನೀಲಿ ಶರ್ಟೊಂದನ್ನು ಎಳೆದು ಮತ್ತೆ ಮೇಜಿನ ಮೇಲಿಟ್ಟಳು.

“ಕಾಲರಿಗೆ ಇನ್ನೊಂದು ಸಲ ಇಸ್ತ್ರಿ ಎಳೀರಿ. ಶನಿವಾರ ಮೀಟಿಂಗಲ್ಲಿ ಇವರು ಎದ್ದು ನಿಂತು ಮಾತಾಡ್ತಾರೆ. ಮನೇಲಿ ಹೆಂಡತಿ ಒಬ್ಬಳಿದ್ದಾಳೆ ಅಂತ ನೋಡಿದೋರಿಗೆ ಗೊತ್ತಾಗ್ಲಿ.”

ಬಿಸಿ ಆರದ ಶರ್ಟನ್ನು ಗಂಟಿಗೆ ಸೇರಿಸದೆ ಕೈಯಲ್ಲೇ ಹಿಡಿದು, ಅವಳು ತಂಗಿಯ ಹಿಂದೆ ರಸ್ತೆ ದಾಟಿದಳು.