ಜಮೀಲಾ ದಾವೆಯ ಎರಡನೇ ಹೆಸರು

ರತ್ನಪ್ರಭಾ ಅಕ್ಕ, ಮಗಳು ಪ್ರೇರಣಾ, ಸೊಹಾರ್, ಸಹಮ್ ಕಡೆಯಿಂದ ರಜೆ ಹಾಕಿ ಬಂದಿರುವ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ನಾನು ಇವ್ಲಿನ್. ಇಲ್ಲಿ ಒಮಾನಿನ ರೂವಿಯ ವಕೀಲರ ಕಚೇರಿಯಲ್ಲಿ ದಿವಂಗತ ಶ್ಯಾಮಸುಂದರ ಸರ್ ಎದುರಿನ ಮೇಜಿನಲ್ಲಿ ಹದಿನಾಲ್ಕು ವರ್ಷ ಟೈಪ್ ಮಾಡಿದವಳು. ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಹೊಗಳುವುದು ಪದ್ಧತಿ. ನಾನು ಅವರ ಒಂದು ತಪ್ಪಿನ ಬಗ್ಗೆ ಹೇಳ್ತೇನೆ. ಅವರ ಪತ್ನಿ ನಮ್ಮ ರತ್ನಪ್ರಭಾ ಅಕ್ಕನನ್ನು ಕೇಳಿಯೇ ಹೇಳ್ತಿದ್ದೇನೆ.

ಜಮೀಲಾ ಇಲ್ಲೇ ಇದ್ದಾರೆ — ಅಲ್ಲಿ, ಎರಡನೇ ಸಾಲಿನಲ್ಲಿ. ಅವರ ಗಂಡ ಶರ್ಫುದ್ದೀನ್ ಸೊಹಾರಿನ ಒಂದು ಕಾರ್ಖಾನೆಯಲ್ಲಿ ವಾಲ್ವ್ ಸಿಡಿದು ತೀರಿಕೊಂಡರು. ವಾಲ್ವ್ ಅಮೆರಿಕದ ಕಂಪನಿಯದ್ದು. "ಏನಾಗಲ್ಲ, ಯಲ್ಲಾ, ಬೇಗ ವಾಲ್ವ್ ತೆಗಿ" ಅಂದವನು ಆ ಕಂಪನಿಯ ಸೂಪರ್‌ವೈಸರ್ ಮ್ಯಾಥ್ಯೂ. ಅವನೂ ಭಾರತದವನೇ. ಆಮೇಲೆ ವರ್ಗವಾಗಿ ಹೂಸ್ಟನ್‌ಗೆ ಹೋದ. ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡುವಾಗ ಜಮೀಲಾದ್ದು ಒಂದೇ ಹಟ — ಕಂಪನಿಯ ಜೊತೆ ಅವನ ಹೆಸರೂ ಇರಬೇಕು.

ಅಲ್ಲಿಯ ವಕೀಲರು ಪ್ರತಿವಾದಿಗಳ ಪೌರತ್ವ ಕೇಳಿದರು. ಅವನಿರುವ ಹೂಸ್ಟನ್ ಟೆಕ್ಸಾಸಿನಲ್ಲಿದೆ ಅಂತ, ಮ್ಯಾಥ್ಯೂ ಹೆಸರಿನ ಎದುರು ಸರ್ 'ಟೆಕ್ಸಾಸ್' ಅಂತ ಬರೆದರು. ನೋಡಿ ಮಾರಾಯ್ರೆ! ಇಪ್ಪತ್ತು ವರ್ಷ ಒಮಾನಿನಲ್ಲಿದ್ದರೂ ನಾವು ಇಲ್ಲಿಯ ಪೌರರಲ್ಲ — ಇದು ನಮಗೆ ಯಾರಾದರೂ ಹೇಳಿಕೊಡಬೇಕಾ? ಮ್ಯಾಥ್ಯೂ ಅಲ್ಲಿದ್ದರೂ ಭಾರತದ ಪೌರನೇ, ಆದರೂ ಸರ್ ತಪ್ಪಿದರು. ನಾನೂ ಹಾಗೆಯೇ ಟೈಪ್ ಮಾಡಿದೆ.

ಎರಡು ವರ್ಷದ ನಂತರ ಕಂಪನಿಯವರು ಈ ತಪ್ಪು ಹಿಡಿದರು. ವಿದೇಶಿಯರು ಒಂದು ಕಡೆ, ಅಮೆರಿಕದವರು ಇನ್ನೊಂದು ಕಡೆ ಇದ್ದರೆ ಆ ಕೋರ್ಟು ಇಂಥ ದಾವೆ ಕೇಳ್ತದೆ. ಜಮೀಲಾ, ಮ್ಯಾಥ್ಯೂ ಹಾಗೆ ಎರಡೂ ಕಡೆ ವಿದೇಶಿಯರಿದ್ದರೆ ಅದಕ್ಕೆ ಅಧಿಕಾರವೇ ಇಲ್ಲ. ಗೆದ್ದರೂ ತೀರ್ಪು ನಿಲ್ಲುವುದಿಲ್ಲ! ಬೇರೆ ಕೋರ್ಟಿಗೆ ಹೋಗೋಣ ಅಂದರೆ ಅವಧಿ ಮೀರಿರಬಹುದು. ಒಂದೇ ದಾರಿ — ಮ್ಯಾಥ್ಯೂ ಹೆಸರು ಬಿಡಬೇಕು.

"ಟೈಪಿಂಗ್ ಮಿಸ್ಟೇಕ್ ಅಂತ ಹಾಕಿ ಸರ್, ಖಲಾಸ್" ಅಂತ ನಾನೇ ಹೇಳಿದೆ. "ನಾನು ಬರೆದದ್ದನ್ನ ತಾನೇ ನೀನು ಟೈಪ್ ಮಾಡಿದ್ದು ಕಣಮ್ಮ" ಅಂದರು. ತಪ್ಪು ನನ್ನದು ಅಂತ ಸ್ವಂತ ಹೆಸರಿನಲ್ಲಿ ಕೋರ್ಟಿಗೆ ಅಫಿಡವಿಟ್ ಬರೆದರು. ಮರುದಿನ ಮ್ಯಾಥ್ಯೂ ಹೆಸರು ಬಿಡುವ ಒಪ್ಪಿಗೆ ಪತ್ರ ಹಿಡಿದು, ನನ್ನನ್ನೂ ಕರಕೊಂಡು ಸಹಮ್‌ಗೆ, ಜಮೀಲಾ ಮನೆಗೆ ಹೋದರು. ಕೂರಲೂ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದರು.

ಜಮೀಲಾ ಕೇಳಿದ್ದು ಒಂದೇ — "ಅವನ ಹೆಸರು ತೆಗೆದ್ರೆ ಅವನದ್ದು ತಪ್ಪಿಲ್ಲ ಅಂತ ಆಗ್ತದಲ್ಲ ಸರ್?"

"ಇಲ್ಲಮ್ಮ. ಅವನದ್ದೂ ತಪ್ಪಿದೆ. ಆದ್ರೆ ಅವನನ್ನ ಹಿಡ್ಕೊಂಡು ಕೂತ್ರೆ ಕಂಪನಿ ಕೈತಪ್ಪುತ್ತೆ. ಬರೆದೋನು ನಾನು. ನನ್ನನ್ನ ಬೈಯಿ."

ಜಮೀಲಾ ಬೈಯಲಿಲ್ಲ. ಎದ್ದು ಒಳಗೆ ಹೋದರು. ತುಂಬ ಹೊತ್ತಾಯಿತು — ನಾವಿಬ್ಬರೂ ಹಾಗೇ ನಿಂತಿದ್ದೆವು. ಹೊರಗೆ ಬಂದು, "ಪೆನ್ನು ಕೊಡಿ" ಅಂದರು.

ಅಂದಿನಿಂದ ಸರ್‌ಗೆ ನೆಮ್ಮದಿ ಇರಲಿಲ್ಲ. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ ಮೇಲೂ ಅಕ್ಕನ ಹತ್ತಿರ, "ಕೋರ್ಟಿಂದ ಆದೇಶ ಬಂತಾ?" ಅಂತ ಕೇಳುತ್ತಿದ್ದರಂತೆ. ಮಂಗಳವಾರ ಹೋಗಿಬಿಟ್ಟರು. ಗುರುವಾರ ಆದೇಶ ಬಂತು — ಮ್ಯಾಥ್ಯೂನನ್ನು ಕೈಬಿಡಲಾಗಿದೆ, ಕಂಪನಿಯ ಮೇಲಿನ ದಾವೆ ಮುಂದುವರಿಯುತ್ತದೆ. ಜಮೀಲಾಗೆ ಫೋನ್ ಮಾಡಿ ಓದಿ ಹೇಳಿದೆ. ಅವರು ಅಳುತ್ತಾ, "ಸರ್ ಇರಬೇಕಿತ್ತಲ್ಲ ಇವ್ಲಿನ್" ಅಂದರು. ನನಗೂ ಅದೇ ಸಂಕಟ. ಎರಡು ದಿನ — ಬರೀ ಎರಡು ದಿನ!

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ ಮೌನವಾಗಿರೋಣ. ಅದಕ್ಕೆ ಮೊದಲು ನನ್ನದೊಂದು ಮಾತು ಬಾಕಿ ಉಂಟು —

ಸರ್, ಆದೇಶ ಬಂತು. ಕೇಸು ಉಳಿಯಿತು.