ಮೂರನೇ ರೊಟ್ಟಿ ಕಾಲುವೆ ಗೇಟಿನ ಮೇಲೆ

ಶಹಾಪುರದ ದವಾಖಾನೆಯಲ್ಲಿ ಚೀಟಿ ಹಿಡಿದು ಕೂತಿದ್ದೆ. ನನ್ನ ಪಕ್ಕದಲ್ಲಿ ಸಗರದ ಗೊಲ್ಲಾಳಮ್ಮ ತನ್ನ ಗಂಡನ ಸಂಗತಿಯನ್ನು ಭೀಮಾಬಾಯಿ ಎಂಬ ಹಿರಿಯ ಹೆಂಗಸಿಗೆ ಹೇಳುತ್ತಿದ್ದಳು. ಗಂಡ ಸೂಗಪ್ಪ ಎದುರಿನ ಗೋಡೆಗೆ ಒರಗಿ ತೂಕಡಿಸುತ್ತಿದ್ದ.

“ಕಾಲುವಿ ನೀರ್ ಬಂದು ಭತ್ತ ಬೆಳ್ಯಾಕ ಹತ್ತಿದ ಮ್ಯಾಲ ಇವರು ಮೂರೂ ಹೊತ್ತು ಅನ್ನ ಹಿಡದ್ರು ಯಕ್ಕಾ. ಹೊಟ್ಟಿ ಬೆಳೀತು, ಮೊಣಕಾಲು ಹೋತು.”

“ಉಪಾಸ ಕೆಡವಬೇಕಿತ್ತು.”

“ಡಾಕ್ಟರು ಬ್ಯಾಡಂದ್ರು. ಜ್ವಾಳದ ರೊಟ್ಟಿ, ಪಲ್ಯಾ ಹೊಟ್ಟಿ ತುಂಬ ಉಣ್ಲಿ, ಅಡ್ಡಾಡ್ಲಿ ಅಂದ್ರು. ಇವರು ಉಣ್ಣೂದಷ್ಟ ಕೇಳಿಸ್ಕೊಂಡ್ರು.”

“ಮತ್ತ?”

“ಒಂದ್ ರೊಟ್ಟಿ ಮನ್ಯಾಗ ಇಟ್ಟೆ. ಎರಡನೇದು ಹೊಲದಾಗಿನ ಬೇವಿನ ಗಿಡಕ್ಕ ಕಟ್ಟಿದೆ. ಮೂರನೇದು ಕಾಲುವಿ ಗೇಟಿನ ಮ್ಯಾಲ. ಎಷ್ಟರ ಉಣ್ರಿ, ಹೋಗಿ ಉಣ್ರಿ ಅಂದೆ.”

“ಹೋದ್ರ?”

“ಹೋಗಲಾರದ ಏನು! ಎರಡ್ ತಿಂಗಳು ಒಂದಿನಾ ತಪ್ಪಿಸಲಿಲ್ಲ.”

“ನಡ್ಕೊಂತ?”

“ಬಂಡಿ ಹೂಡ್ಕೊಂಡು.”

“ಅಯ್ಯ ಶಿವನ! ಹಂಗಾರ ತೂಕ ಇಳದಿಲ್ಲನು?”

“ಇಳದೈತಿ, ನಂದು. ಎಂಟ್ ಕಿಲೋ. ದಿನಾ ಮುಂಜಾನಿ ಅಷ್ಟೂ ಕಡೆ ನಡದು ಹೋಗಿ ರೊಟ್ಟಿ ಕಟ್ಟಿ ಬರಾಕಿ ನಾನ ಅಲ್ಲೇನು!”

“ಮುಂದ ಏನ್ ಮಾಡ್ತೀ?”

“ನಾಳಿಂದ ನಡದು ಹೋಗಿ ಕಟ್ಟಿ ಬರೂದು ಅವರು. ಬಂಡ್ಯಾಗ ಕುಂತು ಹೋಗಿ ಉಣ್ಣೂದು ನಾನು.”

ನರ್ಸ್ ಸೂಗಪ್ಪನ ಹೆಸರು ಕೂಗಿದಳು. ಆತ ಮೊಣಕಾಲು ಹಿಡಿದು ಎದ್ದು ನಿಧಾನವಾಗಿ ನಡೆದ. ಆತ ಬಾಗಿಲು ಮುಟ್ಟುವಷ್ಟರಲ್ಲಿ ಗೊಲ್ಲಾಳಮ್ಮ ಒಳಗೆ ಡಾಕ್ಟರ ಮುಂದೆ ಕೂತು ಅರ್ಧ ಮಾತು ಮುಗಿಸಿದ್ದಳು.