ಓಡಿಸಿದ ಆನೆ ಎಲ್ಲಿಗೆ ಹೋಯ್ತು

ಥೂ! ಇದಾ ಆನೆ? ಇದನ್ನ ಮಾಡೋಕೆ ನಿಂಗೆ ಎರಡು ದಿನ ಬೇಕಾಯ್ತಾ ಮಂಗಳಾ? ಹಲ್ಲು ಕಿರೀತದಲ್ಲೇ! ಆನೆ ಎಲ್ಲಾದ್ರೂ ಹಲ್ಲು ಕಿರೀತದಾ?... ನಗಬ್ಯಾಡ, ಮಗು ಎದ್ದೀತು. ನಾನೇನು ತಮಾಷೆ ಮಾಡ್ತಿಲ್ಲ. ನೋಡೋಕೇ ಅಸಹ್ಯ ಆಗ್ತದೆ ನಂಗೆ.

ಶುಕ್ರವಾರ ಸಂಜೆ ಬಂದು ಬಾಗಿಲಲ್ಲಿ ನಿಂತೆ. 'ಶಶಿ ಅಕ್ಕಾ, ಕಾಲೇಜಲ್ಲಿ ಗೇಮ್ ಮಾಡೋ ಸ್ಪರ್ಧೆ ಅದೆ, ಭಾನುವಾರ ಐದಕ್ಕೆಲ್ಲ ಕಳಿಸ್ಬೇಕು, ನಮ್ಮೂರು ಸಾನಮಾವಲ್ಲಿ ಸಿಗ್ನಲ್ಲೇ ಇಲ್ಲ' ಅಂದೆ. ಪಕ್ಕದ ಹೊಲದ ಹುಡುಗಿ, ಪಾಪ, ಅಂತ ನಾನು ಮದುವೆಯಾಗಿ ಬಂದಿರೋ ಈ ಮೂಕಂಡಪಲ್ಲಿ ಮನೇಲಿ ಇರೋ ಒಂದೇ ರೂಮು ನಿಂಗೆ ಬಿಟ್ಟು, ತೊಟ್ಟಿಲನ್ನ ಅಡುಗೆಮನೆಗೆ ತಳ್ಳಿದೆ. ನೋಡು ನಿನ್ನ ಅವತಾರ! ಸ್ನಾನ ಇಲ್ಲ, ತಲೆಗೆ ಎಣ್ಣೆ ಇಲ್ಲ. ಲ್ಯಾಪ್‌ಟಾಪ್ ತುಂಬಾ ಮಿಕ್ಸ್ಚರ್ ಪುಡಿ. ಕಾಫಿ ಲೋಟದಲ್ಲಿ ಇರುವೆ ಈಜಾಡ್ತವೆ... ಥೂ, ಅದನ್ನೇ ಕುಡೀತೀಯಲ್ಲೇ!

ಇದೇನು, ಹುಲ್ಲಾ? ರಾಗಿನಾ!! ರಾಗಿ ಹೊಲದಾಗೆ ಹುಟ್ಟಿ ಬೆಳೆದೋಳು ನೀನು. ತೆನೆ ಬಲಿತ ಮೇಲೆ ತಾನೆ ಆನೆ ಬರೋದು? ಆಗ ಹೊಲ ಹಿಂಗೆ ಗಿಣಿ ಹಸುರು ಇರ್ತದಾ?... ಯಾರು, ನಿಮ್ಮ ಸಾರ್ ಹೇಳಿದ್ರಾ, ಹಸುರಾದ್ರೆ ಚೆಂದ ಅಂತ? ಆ ಸಾರ್‌ನ ಒಂದಿನ ಕಾವಲಿಗೆ ಅಟ್ಟಣೆ ಹತ್ತಿಸು. ಚೆಂದ ಅಂದ್ರೇನು ಅಂತ ಗೊತ್ತಾಗ್ತದೆ.

ಹೌದಮ್ಮ, ನಾನು ಹತ್ತನೇ ಕ್ಲಾಸು. ಗೇಮು ಗೊತ್ತಿಲ್ಲ. ಆನೆ ಗೊತ್ತದೆ.

ಇಲ್ನೋಡು. ಡಬ್ಬ ಬಡಿದ ತಕ್ಷಣ ಆನೆ ಪರದೆ ಆಚೆಗೆ ಹೋಗಿ ಮಾಯ! ಮೇಲಿಂದ ನಾಣ್ಯ ಬೇರೆ ಉದುರ್ತದೆ, ಹತ್ತು ಪಾಯಿಂಟು, ಪೀಪಿ ಊದ್ತದೆ... ಥೂ! ಎಲ್ಲಿಗೋಯ್ತು ಅದು? ಹೇಳು, ಎಲ್ಲಿಗೋಯ್ತು?... 'ಅಲ್ಲೇನೂ ಇಲ್ಲ, ಪರದೆ ಮುಗೀತು' ಅಂತೀಯಾ? ಪಕ್ಕದ ಹೊಲ ಇಲ್ವಾ? ಅಲ್ಲಿ ಜನ ಇಲ್ವಾ? 'ಗಡಿ' ಅನ್ನೋ ವಿಷ್ಯದ ಮೇಲೆ ಗೇಮ್ ಮಾಡ್ರಿ ಅಂದವ್ರೆ ನಿಮಗೆ, ನೀನು ನೋಡಿದ್ರೆ ಗಡಿ ಆಚೆ ಏನೂ ಇಲ್ಲ ಅಂತೀಯ!

ಡಬ್ಬ ಮುಟ್ಟೋಕೆ ಮೊದಲು ನಮ್ಮೂರಲ್ಲಿ ಏನು ಮಾಡ್ತೀವಿ?... ಹ್ಞಾ. ಟಾರ್ಚು. ಪಕ್ಕದ ಅಟ್ಟಣೆ ಕಡೆಗೆ ಮೂರು ಸಲ. ಕೆಳಗಿದ್ದೋರು ಮೇಲಕ್ಕೆ ಹತ್ತಿ, ಅವರು ಒಂದು ಸಲ ವಾಪಸ್ ಬೆಳಕು ಬಿಟ್ಟ ಮೇಲೇ ಡಬ್ಬ. ಅದೆಲ್ಲಿ ಇದ್ರಲ್ಲಿ?... ಟೈಮ್ ಇರ್ಲಿಲ್ವಾ! ನಾಚಿಕೆ ಇಲ್ವಾ ನಿಂಗೆ? ಆ ಒಂಟಿ ಕೊಂಬಿನ ಆನೆ ನಿಮ್ಮಪ್ಪನ್ನ ತುಳಿದು ಇನ್ನೂ ಮೂರು ವರ್ಷ ತುಂಬಿಲ್ಲ...

ಅಳಬ್ಯಾಡ. ನಾನು ಅಂದಿದ್ದು ತಪ್ಪು. ಅಳಬ್ಯಾಡ ಕಣೆ. ಟಾರ್ಚ್ ಹಾಕು, ಪಕ್ಕದ ಹೊಲಾನೂ ಹಾಕು. ಎಷ್ಟೊತ್ತು ಬೇಕು?... ಈಗಿನ್ನೂ ನಾಲ್ಕು ಹತ್ತು. ಆಗ್ತದೆ.

ಯಾವತ್ತು, ನಿಮ್ಮಪ್ಪ ಹೋದ ದಿನಾನಾ? ಯಾಕೆ ಈಗ ಕೇಳ್ತೀಯ? ನಿಂಗೆ ಗೊತ್ತಿರೋದೇ. ಆಗ ನಂಗಿನ್ನೂ ಮದುವೆ ಆಗಿರ್ಲಿಲ್ಲ, ಅಟ್ಟಣೇಲಿ ನಾನೊಬ್ಬಳೇ. ಬೆಳಗಿನ ಜಾವ ನಿದ್ದೆ ಹೋಗ್ಬುಟ್ಟಿದ್ದೆ. ಆನೆ ನಮ್ಮ ಹೊಲಕ್ಕೆ ಬಂದದ್ದೇ ಗೊತ್ತಿಲ್ಲ. ಫಾರೆಸ್ಟ್‌ನೋರು ಕೇಳಿದಾಗ್ಲೂ ಅದನ್ನೇ ಹೇಳ್ದೆ, ನಿಮ್ಮಮ್ಮ ಪಿಳ್ಳಮ್ಮತ್ತೆ ಕೇಳಿದಾಗ್ಲೂ ಅದನ್ನೇ. ಸಾಕು ಬಿಡು. ಕೆಲಸ ನೋಡು ನೀನು.

...ಆಯ್ತಾ? ತೋರ್ಸು. ಅಯ್ಯೋ, ಹಂಗಲ್ಲ ಕಣೆ! ಡಬ್ಬ ಬಡಿದ್ರೆ ಕುರಿ ಓಡಿದಂಗೆ ಓಡಲ್ಲ ಅದು. ಮೊದಲು ಅಲ್ಲಾಡದೆ ನಿಲ್ತದೆ. ಕಿವಿ ಅಗಲ ಮಾಡ್ತದೆ. ಬಾಯಲ್ಲಿದ್ದ ತೆನೆ ಹಂಗೇ ಜಾರಿ ಕೆಳಕ್ಕೆ ಬೀಳ್ತದೆ. ಆಮೇಲೆ ತಿರುಗ್ತದೆ... ಅಷ್ಟು ದೊಡ್ಡ ಮೈ, ಒಂದು ಕಡ್ಡಿ ಮುರಿದ ಸದ್ದೂ ಬರ್ಲಿಲ್ಲ. ಒಂದೇ ಕೊಂಬು, ಬೆಳ್ಳಗೆ. ನಾನು ಬಡೀತಾನೇ ಇದ್ದೀನಿ, ಬಡೀತಾನೇ ಇದ್ದೀನಿ, ಅದು ಬೇಲಿ ದಾಟಿ ನಿಮ್ಮ ಹೊಲದ ಬೆಂಕಿ ಕಡೆಗೆ...

...ಯಾಕೆ ಕೈ ನಿಲ್ಸಿದೆ? ಟೈಮಾಗ್ತದೆ.

ಯಾಕೆ ಹಂಗೆ ನೋಡ್ತೀಯ? ಅದು... ಆ ಕಡೆ ಹೊಲದ ಶ್ಯಾಮಣ್ಣ ಹೇಳಿದ್ದು ಕಣೆ. ಅವನು ದೂರದಿಂದ ನೋಡಿದ್ನಂತೆ. ಅವನು ಹೇಳಿದ್ದನ್ನೇ ನಾನು...

ಬೈದಾದ್ರೂ ಬಿಡೆ ಮಂಗಳಾ.

ಟಾರ್ಚು ದಿಂಬಿನ ಪಕ್ಕದಾಗೇ ಇತ್ತು. ಡಬ್ಬ ಮೊದಲು ಕೈಗೆ ಸಿಕ್ತು. ನಮ್ಮ ರಾಗಿ ಉಳೀಲಿ ಅಂತ... ಅಷ್ಟೇ ಕಣೆ ನಂಗೆ ಹೊಳೆದಿದ್ದು. ನಿಮ್ಮಪ್ಪ ಮುನಿಶಾಮಿ ಮಾವ ಬೆಂಕಿ ಕಾಯೋಕೆ ಕೆಳಗಿಳಿದವ್ನೆ ಅಂತ ಗೊತ್ತಿತ್ತು. ಹೊಗೆ ಕಾಣ್ತಿತ್ತು. ರಾಗಿ ಉಳೀತು. ಥೂ... ಆ ರಾಗಿ ಮುದ್ದೇನ ವರ್ಷಪೂರ್ತಿ ತಿಂದೆ ನಾನು.

ಐದಕ್ಕೆ ಹತ್ತು ನಿಮಿಷ ಅದೆ. ಕಳಿಸ್ಬುಡು. ಆಮೇಲೆ ಊರಿಗೆ ಹೋಗಿ ಪಿಳ್ಳಮ್ಮತ್ತೆಗೆ ಏನು ಬೇಕಾದ್ರೂ ಹೇಳು, ನಾನೂ ಬತ್ತೀನಿ... ಏನು? ಯಾಕೆ ಇದನ್ನ ನನ್ನ ಕಡೆ ತಿರುಗಿಸ್ತೀಯ? ನಾನು ಆಡ್ಬೇಕಾ?

ಬ್ಯಾಡ ಕಣೆ.

...ಆನೆ ಬಂತು. ಪಕ್ಕದ ಹೊಲದಾಗೆ ಬೆಂಕಿ ಇಟ್ಟಿದ್ದೀಯ. ಬೆಂಕಿ ಹತ್ರ ಯಾರೋ ಕೂತವ್ನೆ, ಹೆಗಲ ಮೇಲೆ ಮಾವನ ಕೆಂಪು ಟವೆಲ್ಲು... ಮಂಗಳಾ, ಹೇಳೆ. ಬೇಗ ಹೇಳೆ. ಟಾರ್ಚ್‌ಗೆ ಯಾವ ಕೀ ಒತ್ತಬೇಕು?